ಬೇಸ್‌ಬಾಲ್‌ನ ತಲೆಕೆಡಿಸುವ ನಿಯಮಗಳು: ಚೌಕಾಬಾರದ ಕಾಯಿ ಇಟ್ಟು ಬಿಡಿಸಿಕೊಳ್ಳಿ

ನ್ಯೂಜೆರ್ಸಿಯಲ್ಲಿ ಮಗನ ಬೇಸ್‌ಬಾಲ್ ಆಟ ನೋಡಲು ಹೋದಾಗಲೆಲ್ಲ ಗ್ಯಾಲರಿಯಲ್ಲಿ ಒಂದೇ ಕಥೆ. ಕ್ಯಾಚ್ ಬಿಟ್ಟರೂ ಅಂಪೈರ್ ಔಟ್ ಕೊಡುತ್ತಾರೆ. ಮೂರು ಸ್ಟ್ರೈಕ್ (ಬೀಸಿ ತಪ್ಪಿದ, ಇಲ್ಲವೇ ಹೊಡೆಯಬೇಕಿದ್ದೂ ಬಿಟ್ಟ ಎಸೆತ) ಆದ ಹುಡುಗ ಔಟಾಗದೆ ಫಸ್ಟ್ ಬೇಸ್‌ಗೆ ಓಡುತ್ತಾನೆ. ನಮ್ಮವರು ಕ್ರಿಕೆಟ್ ಲೆಕ್ಕ ಹಾಕಿ ಅಂಪೈರ್ ಮೇಲೆ ರೇಗುತ್ತಾರೆ. ಆಮೇಲೆ ಯಾರೋ ನಿಯಮವನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಮುಂದಿನ ವಾರ ಅದೂ ತಪ್ಪಾಗುತ್ತದೆ. ಬಾಯಿಪಾಠ ಬೇಡ. ಆ ನಿಯಮ ಇಲ್ಲದಿದ್ದರೆ ಯಾರು ಹೇಗೆ ಮೋಸ ಮಾಡಬಹುದಿತ್ತು ಅಂತ ಕೇಳಿಕೊಳ್ಳಿ. ನಿಯಮ ತಾನಾಗಿ ಬಿಡಿಸಿಕೊಳ್ಳುತ್ತದೆ.

ಹೆಜ್ಜೆ 1: ನಿಯಮ ಪುಸ್ತಕ ಇಳಿಸಿಕೊಳ್ಳಿ

ಮೇಜರ್ ಲೀಗ್ ಬೇಸ್‌ಬಾಲ್‌ನ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಹಳೆಯ ಪುಸ್ತಕ ಕೊಳ್ಳಬೇಡಿ. 2015ರಲ್ಲಿ ನಿಯಮಗಳನ್ನು ಮರುಜೋಡಿಸಿ ಹೊಸ ಸಂಖ್ಯೆ ಕೊಟ್ಟರು, ಹಾಗಾಗಿ ಹಳೆಯದರ ಸಂಖ್ಯೆಗಳು ಈಗ ತಾಳೆಯಾಗುವುದಿಲ್ಲ. ಓದುವಾಗ ಕೊನೆಯಲ್ಲಿರುವ ಪದಗಳ ವಿವರಣೆಯಿಂದ ಶುರು ಮಾಡಿ.

ಹೆಜ್ಜೆ 2: ‘ಫೋರ್ಸ್’ ಅರ್ಥವಾಗುವ ತನಕ ಮುಂದೆ ಹೋಗಬೇಡಿ

ಎಲ್ಲರೂ ಎಡವುವುದು ಇಲ್ಲೇ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆಯಿರಿ. ನಾಲ್ಕು ಮೂಲೆಗಳೇ ಬೇಸ್‌ಗಳು: ಹೋಮ್, ಫಸ್ಟ್, ಸೆಕೆಂಡ್, ಥರ್ಡ್. ಹೋಮ್‌ನಲ್ಲಿ ಚೆಂಡು ಹೊಡೆದವನು ಇದೇ ಸಾಲಿನಲ್ಲಿ ಸುತ್ತಿ ಹೋಮ್‌ಗೆ ವಾಪಸ್ ಬಂದರೆ ಒಂದು ರನ್. ಚೌಕಾಬಾರಕ್ಕೆ ಇಟ್ಟುಕೊಂಡ ಹುಣಸೆಬೀಜಗಳೇ ರನ್ನರ್‌ಗಳು.

ಒಂದು ಮನೆಯಲ್ಲಿ ಒಂದೇ ಕಾಯಿ ಇರಬೇಕು. ಕ್ರಿಕೆಟ್‌ನಲ್ಲಿ ಚೆಂಡು ಹೊಡೆದ ಮೇಲೆ ಓಡಬೇಕೋ ಬೇಡವೋ ನಿಮ್ಮಿಷ್ಟ. ಇಲ್ಲಿ ಚೆಂಡು ಗೆರೆಯೊಳಗೆ (ಹೋಮ್‌ನಿಂದ ಫಸ್ಟ್ ಕಡೆಗೂ ಥರ್ಡ್ ಕಡೆಗೂ ಹೋಗುವ ಎರಡು ಗೆರೆಗಳ ನಡುವೆ) ನೆಲಕ್ಕೆ ಬಿತ್ತೆಂದರೆ ಬ್ಯಾಟರ್ ಫಸ್ಟ್‌ಗೆ ಓಡಲೇಬೇಕು. ಫಸ್ಟ್‌ನಲ್ಲಿ ಈಗಾಗಲೇ ಒಬ್ಬನಿದ್ದರೆ ಅವನು ಜಾಗ ಬಿಡಬೇಕು. ಸೆಕೆಂಡ್‌ನಲ್ಲೂ ಒಬ್ಬನಿದ್ದರೆ ಅವನೂ ಏಳಬೇಕು. ಹಿಂದಿನಿಂದ ತಳ್ಳಿಕೊಂಡು ಬರುವ ಈ ಒತ್ತಡವೇ ಫೋರ್ಸ್. ಹೀಗೆ ತಳ್ಳಿಸಿಕೊಂಡವನನ್ನು ಔಟ್ ಮಾಡಲು ಅವನನ್ನು ಮುಟ್ಟುವುದೂ ಬೇಡ. ಚೆಂಡು ಹಿಡಿದು, ಅವನು ಹೋಗಬೇಕಾದ ಬೇಸ್ ಮೊದಲು ತುಳಿದರೆ ಸಾಕು.

ಈಗ ಫಸ್ಟ್‌ನ ಬೀಜ ತೆಗೆದುಬಿಡಿ. ಸೆಕೆಂಡ್‌ನಲ್ಲಿರುವವನನ್ನು ತಳ್ಳುವವರು ಯಾರೂ ಇಲ್ಲ, ಸುಮ್ನೆ ನಿಂತಿರಬಹುದು. ಓಡಿದರೆ ಚೆಂಡಿನಿಂದ ಅವನನ್ನೇ ಮುಟ್ಟಿ ಔಟ್ ಮಾಡಬೇಕು. ಅದು ಟ್ಯಾಗ್. ಬ್ಯಾಟರ್ ಮೊದಲೇ ಔಟಾದರೂ ಹಿಂದಿನ ಒತ್ತಡ ಹೋಯಿತು, ಯಾರ ಮೇಲೂ ಫೋರ್ಸ್ ಉಳಿಯುವುದಿಲ್ಲ. ಈ ಕೊನೆಯ ಮಾತನ್ನು ಬೀಜ ಸರಿಸಿ ಸರಿಸಿ ಹತ್ತು ಸಲ ಆಡಿ ನೋಡಿ.

ಇನ್ನೊಂದು ವ್ಯತ್ಯಾಸ. ಕ್ರಿಕೆಟ್‌ನಲ್ಲಿ ಚೆಂಡು ಮೇಲೆ ಹೋದಾಗ ಓಡಿದರೆ ನಷ್ಟವಿಲ್ಲ. ಇಲ್ಲಿ ಕ್ಯಾಚ್ ಆದರೆ ರನ್ನರ್ ತನ್ನ ಬೇಸ್‌ಗೆ ವಾಪಸ್ ಬರಬೇಕು. ಅವನಿಗಿಂತ ಮೊದಲು ಚೆಂಡು ಬಂದರೆ ಅವನೂ ಔಟ್.

ಹೆಜ್ಜೆ 3: ಕಳ್ಳನ ಜಾಗದಲ್ಲಿ ನಿಂತು ಯೋಚಿಸಿ

ಫಸ್ಟ್ ಮತ್ತು ಸೆಕೆಂಡ್‌ನಲ್ಲಿ ರನ್ನರ್‌ಗಳು. ಒಬ್ಬರೂ ಔಟಾಗಿಲ್ಲ. ಚೆಂಡು ಶಾರ್ಟ್‌ಸ್ಟಾಪ್‌ನ (ಸೆಕೆಂಡ್ ಮತ್ತು ಥರ್ಡ್ ನಡುವೆ ನಿಲ್ಲುವ ಫೀಲ್ಡರ್) ತಲೆಯ ಮೇಲೆ ಎತ್ತರಕ್ಕೆ ಹೋಯಿತು. ಕ್ಯಾಚ್ ಆಗುತ್ತದೆ ಅಂತ ರನ್ನರ್‌ಗಳು ಬೇಸ್ ಬಿಡುವುದಿಲ್ಲ. ನೀವೇ ಶಾರ್ಟ್‌ಸ್ಟಾಪ್ ಅಂದುಕೊಳ್ಳಿ. ಬೇಕಂತಲೇ ಕ್ಯಾಚ್ ಬಿಟ್ಟರೆ? ಚೆಂಡು ನೆಲಕ್ಕೆ ಬಿತ್ತು, ಫೋರ್ಸ್ ಬಂತು. ಥರ್ಡ್‌ಗೆ ಎಸೆದು ಒಂದು, ಅಲ್ಲಿಂದ ಸೆಕೆಂಡ್‌ಗೆ ಎಸೆದು ಇನ್ನೊಂದು. ಹಿಡಿದರೆ ಒಂದು ಔಟ್, ಬಿಟ್ಟರೆ ಎರಡು! ರನ್ನರ್‌ಗಳು ಓಡಿದರೂ ಕಷ್ಟ, ನಿಂತರೂ ಕಷ್ಟ.

ಅದಕ್ಕೇ ಇನ್‌ಫೀಲ್ಡ್ ಫ್ಲೈ ನಿಯಮ. ಚೆಂಡು ಮೇಲಿರುವಾಗಲೇ ಅಂಪೈರ್ ಬೆರಳೆತ್ತಿ ಕೂಗುತ್ತಾರೆ. ಹಿಡಿದರೂ ಬಿಟ್ಟರೂ ಬ್ಯಾಟರ್ ಔಟ್, ಫೋರ್ಸ್ ಇಲ್ಲ. ನಿಯಮದ ಷರತ್ತುಗಳೂ ಇದೇ ದಾರಿಯಲ್ಲಿ ಬಿಡಿಸಿಕೊಳ್ಳುತ್ತವೆ. ಎರಡು ಔಟ್ ಆಗಿದ್ದರೆ ನಿಯಮ ಇಲ್ಲ, ಯಾಕೆಂದರೆ ಇನ್ನೊಂದು ಔಟ್‌ಗೆ ಸರದಿಯೇ ಮುಗಿಯುತ್ತದೆ, ಬಿಟ್ಟು ಲಾಭವಿಲ್ಲ. ಫಸ್ಟ್‌ನಲ್ಲಿ ಮಾತ್ರ ರನ್ನರ್ ಇದ್ದರೂ ಇಲ್ಲ. ಚೆಂಡು ಅಷ್ಟು ಎತ್ತರ ಹೋಗಿ ಬರುವಷ್ಟರಲ್ಲಿ ಬ್ಯಾಟರ್ ಫಸ್ಟ್ ತಲುಪಿರಬಹುದು, ಎರಡು ಔಟ್ ಸಿಗುವುದು ಕಷ್ಟ.

ನನ್ನ ಮಗ ಸೆಕೆಂಡ್‌ನಲ್ಲಿ ನಿಂತಿದ್ದ ದಿನ ಹೀಗೇ ಆಯಿತು. ಅಂಪೈರ್ ಕೂಗಿದರು, ಚೆಂಡು ಬಿತ್ತು, ಅವನ ಕೋಚ್ ‘ಓಡು ಓಡು’ ಅಂದರು. ಮಗು ಓಡಿದ. ಥರ್ಡ್‌ನ ಹುಡುಗಿ ಆರಾಮಾಗಿ ಕೈಗವಸಿನಿಂದ ಅವನ ಭುಜ ಮುಟ್ಟಿದಳು. ಬ್ಯಾಟರ್ ಒಬ್ಬ, ಇವನೊಬ್ಬ, ಎರಡು ಔಟ್. ಕೂಗಿದ ಮೇಲೂ ಆಟ ನಿಲ್ಲುವುದಿಲ್ಲ. ರನ್ನರ್ ಓಡಬಹುದು, ಆದರೆ ಓಡಲೇಬೇಕೆಂದಿಲ್ಲ. ಆ ಕೋಚ್‌ಗೆ ಫೋರ್ಸ್ ಹೋದದ್ದು ಹೊಳೆಯಲಿಲ್ಲ. ಮಗ ಮನೆ ತನಕ ಅಳುತ್ತಲೇ ಬಂದ. ಅವತ್ತು ರಾತ್ರಿಯೇ ನಾವು ಬೀಜ ಇಟ್ಟು ಕೂತದ್ದು.

‘ಇನ್‌ಫೀಲ್ಡ್’ ಎಂಬ ಹೆಸರನ್ನೂ ನಂಬಬೇಡಿ. ಚೆಂಡು ಎಲ್ಲಿ ಬಿತ್ತು ಅನ್ನುವುದು ಮುಖ್ಯವಲ್ಲ. ಇನ್‌ಫೀಲ್ಡರ್ (ಬೇಸ್‌ಗಳ ಹತ್ತಿರ ನಿಲ್ಲುವ ಫೀಲ್ಡರ್) ಒಬ್ಬ ಸಾಧಾರಣ ಪ್ರಯತ್ನದಲ್ಲಿ ಹಿಡಿಯಬಹುದಿತ್ತೇ ಅನ್ನುವುದು ಮುಖ್ಯ. 2012ರ ಅಕ್ಟೋಬರ್ 5ರಂದು ಅಟ್ಲಾಂಟಾದಲ್ಲಿ ಬ್ರೇವ್ಸ್ ಮತ್ತು ಕಾರ್ಡಿನಲ್ಸ್ ನಡುವಿನ ನಾಕೌಟ್ ಪಂದ್ಯದಲ್ಲಿ ಚೆಂಡು ಬೇಸ್‌ಗಳಿಂದ ಆಚೆ, ಲೆಫ್ಟ್ ಫೀಲ್ಡ್‌ನ ಹುಲ್ಲಿನ ಮೇಲೆ ಬಿತ್ತು. ಅಂಪೈರ್ ಸ್ಯಾಮ್ ಹಾಲ್‌ಬ್ರೂಕ್ ಇನ್‌ಫೀಲ್ಡ್ ಫ್ಲೈ ಕೊಟ್ಟರು. ಜನ ಬಾಟಲಿ ಎಸೆದರು, ಆಟ 19 ನಿಮಿಷ ನಿಂತಿತು. ಬ್ರೇವ್ಸ್ 6-3ರಲ್ಲಿ ಸೋತರು. ಅಷ್ಟು ದೂರದ ಚೆಂಡಿಗೆ ಸಾಧಾರಣ ಪ್ರಯತ್ನ ಸಾಕಿತ್ತೇ ಅಂತ ವಾದಿಸಿ, ಅದು ನ್ಯಾಯ. ಹುಲ್ಲಿನ ಮೇಲೆ ಬಿತ್ತು ಅಂತ ಮಾತ್ರ ವಾದಿಸಬೇಡಿ.

ಹೆಜ್ಜೆ 4: ಅದೇ ಪ್ರಶ್ನೆಯನ್ನು ಮೂರನೇ ಸ್ಟ್ರೈಕ್‌ಗೆ ಕೇಳಿ

ಮೂರನೇ ಸ್ಟ್ರೈಕ್ ಅನ್ನು ಕ್ಯಾಚರ್ (ಬ್ಯಾಟರ್ ಹಿಂದೆ ಕೂರುವ ಆಟಗಾರ) ನೆಲಕ್ಕೆ ಬೀಳುವ ಮೊದಲು ಹಿಡಿಯದಿದ್ದರೆ ಬ್ಯಾಟರ್ ಫಸ್ಟ್‌ಗೆ ಓಡಬಹುದು. ಆದರೆ ಫಸ್ಟ್ ಖಾಲಿ ಇರಬೇಕು, ಇಲ್ಲವೇ ಎರಡು ಔಟ್ ಆಗಿರಬೇಕು. ಈ ಷರತ್ತು ಯಾಕೆ? ಫಸ್ಟ್‌ನಲ್ಲಿ ಒಬ್ಬನಿದ್ದಾಗಲೂ ಓಡಲು ಬಿಟ್ಟರೆ ಕ್ಯಾಚರ್ ಬೇಕಂತಲೇ ಚೆಂಡು ಬೀಳಿಸಿ ಎರಡು ಔಟ್ ಗಿಟ್ಟಿಸುತ್ತಾನೆ. ಅದೇ ಹಳೇ ಮೋಸ, ಅಲ್ವಾ?

1941ರ ವರ್ಲ್ಡ್ ಸೀರೀಸ್‌ನ (ಆ ವರ್ಷದ ಫೈನಲ್ ಸರಣಿ) ನಾಲ್ಕನೇ ಪಂದ್ಯ. ಬ್ರೂಕ್ಲಿನ್ ಡಾಡ್ಜರ್ಸ್ 4-3ರಲ್ಲಿ ಮುಂದಿದ್ದರು. ಒಂಬತ್ತನೇ, ಅಂದರೆ ಕೊನೆಯ ಇನಿಂಗ್ಸ್, ಎರಡು ಔಟ್. ಯಾಂಕೀಸ್‌ನ ಟಾಮಿ ಹೆನ್ರಿಕ್ ಮೂರನೇ ಸ್ಟ್ರೈಕ್‌ಗೆ ಬೀಸಿ ತಪ್ಪಿದರು. ಪಂದ್ಯ ಮುಗಿಯಬೇಕಿತ್ತು. ಕ್ಯಾಚರ್ ಮಿಕಿ ಓವೆನ್ ಕೈಯಿಂದ ಚೆಂಡು ಜಾರಿತು, ಹೆನ್ರಿಕ್ ಓಡಿ ಫಸ್ಟ್ ಸೇರಿದರು. ಯಾಂಕೀಸ್ ಗೆದ್ದದ್ದು 7-4ರಲ್ಲಿ.

ಹೆಜ್ಜೆ 5: ಸಾಮಾನುಗಳ ನಿಯಮ

ಅದೇ ಪ್ರಶ್ನೆ ಸಾಕು. ಕೈ ಜಾರದಿರಲಿ ಅಂತ ಬ್ಯಾಟಿಗೆ ಹಚ್ಚುವ ಅಂಟನ್ನು ಹಿಡಿಯ ತುದಿಯಿಂದ 18 ಇಂಚಿನ ಆಚೆ ಹಚ್ಚಬಾರದು. 1983ರಲ್ಲಿ ಬ್ಯಾಟರ್ ಜಾರ್ಜ್ ಬ್ರೆಟ್ ಹೋಮ್‌ರನ್ (ನಮ್ಮ ಸಿಕ್ಸರ್‌ನಂಥ ಹೊಡೆತ) ಹೊಡೆದ ಮೇಲೆ ಅಂಪೈರ್‌ಗಳು ಬ್ಯಾಟ್ ಅಳೆದು ಔಟ್ ಕೊಟ್ಟರು. ಅಂಟು ಚೆಂಡನ್ನು ದೂರ ಕಳಿಸುವುದಿಲ್ಲ, ಆ ನಿಯಮ ಇದ್ದದ್ದು ಚೆಂಡು ಕೊಳೆಯಾಗದಿರಲಿ ಅಂತ. ಲೀಗ್ ಅಧ್ಯಕ್ಷ ಲೀ ಮೆಕ್‌ಫೇಲ್ ನಿಯಮದ ಉದ್ದೇಶ ನೋಡಿ ಹೋಮ್‌ರನ್ ವಾಪಸ್ ಕೊಟ್ಟರು.

ಒಂದು ಎಚ್ಚರಿಕೆ. ಅರ್ಧ ನಿಮಿಷದ ಮೊಬೈಲ್ ವಿಡಿಯೊಗಳನ್ನು ನೋಡಿ ಕಲಿಯಬೇಡಿ. ಜಗಳ ತೋರಿಸುತ್ತವೆ, ಯಾವ ಬೇಸ್‌ನಲ್ಲಿ ಯಾರಿದ್ದರು ಅಂತ ತೋರಿಸುವುದಿಲ್ಲ. ಪ್ಲಾಸ್ಟಿಕ್ ಹೊದಿಸಿದ ನಿಯಮದ ಕಾರ್ಡುಗಳೂ ದಂಡ. ಕಾರಣವೇ ಇರದ ಒಂದೊಂದು ಸಾಲು.

ಕೊನೆಗೆ ಇದನ್ನು ಆಡಿ ನೋಡಿ. ಮೂರೂ ಬೇಸ್ ತುಂಬಿವೆ, ಎರಡು ಔಟ್. ಮೂರನೇ ಸ್ಟ್ರೈಕ್ ಕ್ಯಾಚರ್ ಕೈಯಿಂದ ಜಾರಿ ಅವನ ಕಾಲ ಬಳಿಯೇ ಬಿತ್ತು, ಬ್ಯಾಟರ್ ಓಡಿದ. ಕ್ಯಾಚರ್ ಫಸ್ಟ್‌ಗೆ ಎಸೆಯಬೇಕೇ? ಬೀಜ ಸರಿಸಿ. ಬ್ಯಾಟರ್ ಫಸ್ಟ್‌ನವನನ್ನು ತಳ್ಳಿದ, ಅವನು ಸೆಕೆಂಡ್‌ನವನನ್ನು, ಅವನು ಥರ್ಡ್‌ನವನನ್ನು. ಥರ್ಡ್‌ನವನು ಹೋಮ್‌ಗೇ ಬರಬೇಕು. ಕ್ಯಾಚರ್ ಚೆಂಡು ಎತ್ತಿಕೊಂಡು ಹೋಮ್ ಪ್ಲೇಟ್ ತುಳಿದರೆ ಮುಗಿಯಿತು.