ಎದೆಯಲ್ಲಿ ಮಿಷನ್ ಇದ್ದವರಿಗೆ ಆಪರೇಶನ್ ಅಂದಾಗ

ನಾನು ಮಂಡ್ಯದಲ್ಲಿ ಅರಿವಳಿಕೆ ಡಾಕ್ಟರ್. ಆಪರೇಶನ್‌ಗೆ ಬಂದ ಮನೆಯವರು ಹೇಳುವುದು ಇಷ್ಟು: "ಪಂಪಿಂಗ್ ಕಮ್ಮಿ ಮೇಡಂ, ಎದೆಗೆ ಮಿಷನ್ ಇಡ್ಸಿದ್ದೀವಿ." ಯಾವ ಮಿಷನ್ ಅಂತ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಹಾಕಿದಾಗ ಕೊಟ್ಟ ಕಾರ್ಡು ಬೀರುವಿನಲ್ಲಿ ಪಹಣಿ ಜೊತೆ ಭದ್ರವಾಗಿರುತ್ತದೆ! ಮೊದಲು ಅದನ್ನು ತನ್ನಿ.

ಪೇಸ್‌ಮೇಕರ್ ನಿಧಾನವಾದ ಹೃದಯವನ್ನು ಬಡಿಸುತ್ತದೆ. ಐಸಿಡಿ ಅನ್ನುವ ಇನ್ನೊಂದು ಮಿಷನ್ ಆದರೆ, ಬಡಿತ ದಿಕ್ಕೆಟ್ಟು ಓಡಿದಾಗ ಶಾಕ್ ಕೂಡ ಕೊಡುತ್ತದೆ. ಆಪರೇಶನ್‌ನಲ್ಲಿ ರಕ್ತ ನಿಲ್ಲಿಸಲು ಕರೆಂಟಿನಿಂದ ಸುಡುವ ಕಾಟರಿ ಬಳಸುತ್ತಾರೆ. ಅದರ ಕರೆಂಟನ್ನು ಹೃದಯದ್ದೇ ಬಡಿತ ಅಂದುಕೊಂಡು ಪೇಸ್‌ಮೇಕರ್ ಸುಮ್ಮನಾಗಬಹುದು. ಐಸಿಡಿ ಸುಮ್ ಸುಮ್ನೆ ಶಾಕ್ ಹೊಡೆಯಬಹುದು. ಹೊಕ್ಕುಳಿಗಿಂತ ಮೇಲಿನ ಆಪರೇಶನ್‌ನಲ್ಲಿ ಈ ಭಯ ಜಾಸ್ತಿ.

ಮೇಲೊಂದು ಮ್ಯಾಗ್ನೆಟ್ ಇಟ್ಟರೆ ಆಯ್ತಲ್ವಾ ಅನ್ನುವವರಿದ್ದಾರೆ. ಆಗಲ್ಲ. ಮ್ಯಾಗ್ನೆಟ್ ಇಟ್ಟರೆ ಸಾಮಾನ್ಯವಾಗಿ ಪೇಸ್‌ಮೇಕರ್ ಒಂದೇ ವೇಗದಲ್ಲಿ ಬಡಿಸುತ್ತಾ ಹೋಗುತ್ತದೆ. ಐಸಿಡಿಯಲ್ಲಿ ಶಾಕ್ ಮಾತ್ರ ನಿಲ್ಲುತ್ತದೆ, ಬಡಿಸುವ ರೀತಿ ಬದಲಾಗುವುದಿಲ್ಲ. ಬಡಿತಕ್ಕೆ ಐಸಿಡಿಯನ್ನೇ ನೆಚ್ಚಿಕೊಂಡವರಿಗೆ ಮೊದಲೇ ಪ್ರೋಗ್ರಾಮ್ ಬದಲಿಸಬೇಕಾಗುತ್ತದೆ. ಅದಕ್ಕೆ ಆಯಾ ಕಂಪನಿಯ ಯಂತ್ರವೇ ಬೇಕು, ಮೈಸೂರಿಂದ ತರಿಸಬೇಕಾಗಬಹುದು. ಹಾಗಾಗಿ ಹಿಂದಿನ ರಾತ್ರಿ ಹೇಳಬೇಡಿ. ಪೇಸ್‌ಮೇಕರ್ ಚೆಕ್ ಆಗಿ 12 ತಿಂಗಳು, ಐಸಿಡಿಗೆ 6 ತಿಂಗಳು ದಾಟಿದ್ದರೆ ಮೊದಲು ಚೆಕ್ ಮಾಡಿಸಿ.

ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ತನ್ನಿ. ಆದರೆ ಅದರ ಪಂಪಿಂಗ್ ನಂಬರ್‌ಗಿಂತ ನನಗೆ ಬೇಕಾದ್ದು ಬೇರೆ: ರಾತ್ರಿ ದಮ್ಮಿಲ್ಲದೆ ಮಲಗಲು ಎಷ್ಟು ದಿಂಬು ಬೇಕು? ಕಾಲು ಊದಿದೆಯಾ? ಗದ್ದೆವರೆಗೆ ನಡೆದರೆ ದಮ್ಮು ಬರುತ್ತಾ? ಇವು ಇತ್ತೀಚೆಗೆ ಜಾಸ್ತಿ ಆಗಿದ್ದರೆ, ಅರ್ಜೆಂಟ್ ಇಲ್ಲದ ಆಪರೇಶನ್ ಮುಂದಕ್ಕೆ ಹಾಕುತ್ತೇನೆ. ಛತ್ರ ಬುಕ್ ಆಗಿದೆ, ಮಗಳ ಮದುವೆಗೆ ಮುಂಚೆ ಮುಗಿಸಿಬಿಡಿ ಅಂದರೂ ಅಷ್ಟೇ.

ಖಾಲಿ ಹೊಟ್ಟೆ ಅಂದರೆ ಮಾತ್ರೆಯೂ ಬೇಡ ಅಂತಲ್ಲ. ಮೆಟೊಪ್ರೊಲಾಲ್, ಕಾರ್ವೆಡಿಲಾಲ್ ಅನ್ನುವ ಹೃದಯದ ಮಾತ್ರೆ ತೆಗೆದುಕೊಳ್ಳುವವರು ಆವತ್ತು ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಬೇಕು, ದಿಢೀರ್ ಬಿಡಬಾರದು. ಶುಗರ್‌ಗೂ ಹೃದಯಕ್ಕೂ ಕೊಡುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರ 3 ದಿನ ಮೊದಲೇ ನಿಲ್ಲಿಸುತ್ತೇವೆ. ಉಳಿದದ್ದಕ್ಕೆ ಚೀಟಿ ತೋರಿಸಿ ಕೇಳಿ, ನೀವೇ ತೀರ್ಮಾನ ಮಾಡಬೇಡಿ.

ಒಳಗೆ ನಮ್ಮ ಕೆಲಸ ನಿಧಾನ. ಪಂಪಿಂಗ್ ಕಮ್ಮಿ ಇದ್ದರೆ ಕೈಗೆ ಕೊಟ್ಟ ಔಷಧ ಮೆದುಳಿಗೆ ತಲುಪುವುದು ತಡ. ಕಣ್ಣು ಮುಚ್ಚಲಿಲ್ಲ ಅಂತ ಇನ್ನಷ್ಟು ಕೊಟ್ಟರೆ ಬಿಪಿ ಕುಸಿಯುತ್ತದೆ. ಚೂರು ಚೂರೇ ಕೊಟ್ಟು ಕಾಯುತ್ತೇವೆ. ಕಾಟರಿ ಒತ್ತಿದಾಗ ಇಸಿಜಿ ಗೆರೆ ಕಲಸಿಹೋಗುತ್ತದೆ. ಆಗ ನನ್ನ ಕಣ್ಣು ಬೆರಳಿಗೆ ಹಾಕಿದ ಕ್ಲಿಪ್ಪು ತೋರಿಸುವ ನಾಡಿಯ ಅಲೆಯ ಮೇಲೆ.

ಐಸಿಡಿಯ ಶಾಕ್ ನಿಲ್ಲಿಸಿದ್ದರೆ, ಮಾನಿಟರ್ ಬಿಚ್ಚುವ ಮುಂಚೆ ಅದು ಮತ್ತೆ ಆನ್ ಆಗಿರಬೇಕು. ವಾರ್ಡಿಗೆ ಕಳಿಸುವಾಗ ಇದನ್ನು ಬಾಯಿಬಿಟ್ಟು ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.