ಗಿಟಾರಿನ ಫ್ರೆಟ್ ಜರ್ರೆಂದಾಗ: ನನ್ನ ಅನುಭವ

ಎಲೆಕ್ಟ್ರಿಕ್ ಗಿಟಾರಿನ ತಂತಿ ಮೀಟಿದಾಗ ಸ್ವರದ ಜೊತೆಗೆ ಜರ್ರ್ ಎಂಬ ಲೋಹದ ಸದ್ದು ಬಂದರೆ, ಬಹಳಷ್ಟು ಜನ ಮೊದಲು ಕೈ ಹಾಕುವುದು ದೇಹದ ಕಡೆ ತಂತಿಗಳನ್ನು ಹೊರುವ ಬ್ರಿಡ್ಜಿನ ಮೇಲಿರುವ, ಎತ್ತರ ಹೊಂದಿಸಬಹುದಾದ ಸ್ಯಾಡಲ್‌ಗಳಿಗೆ. ಅವನ್ನು ಎತ್ತರಿಸಿದರೆ ಸದ್ದು ಅಡಗುವುದು ನಿಜ. ಆದರೆ ತಂತಿ ಫ್ರೆಟ್‌ಬೋರ್ಡಿನಿಂದ, ಅಂದರೆ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳಿರುವ ಹಲಗೆಯಿಂದ, ದೂರವಾಗಿ ಬೆರಳು ನೋಯತೊಡಗುತ್ತದೆ, ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಏರುತ್ತದೆ, ಮೂಲ ದೋಷ ಮಾತ್ರ ಇದ್ದಲ್ಲಿಯೇ ಉಳಿಯುತ್ತದೆ. ಬಳ್ಳಾರಿಯ ರಸಮಂಜರಿ ತಂಡವೊಂದರಲ್ಲಿ ಗಿಟಾರ್ ನುಡಿಸುವ ನಾನು ಕಳೆದ ಬೇಸಿಗೆಯಲ್ಲಿ ನನ್ನ ವಾದ್ಯವನ್ನು ಸರಿಪಡಿಸಿಕೊಂಡದ್ದು ಬೇರೆ ಕ್ರಮದಲ್ಲಿ: ಮೊದಲು ನೆಕ್ (ಗಿಟಾರಿನ ಉದ್ದನೆಯ ಕತ್ತು), ಆಮೇಲೆ ಸ್ಯಾಡಲ್, ಎಲ್ಲಕ್ಕೂ ಕೊನೆಯಲ್ಲಿ ಅರ.

ನನ್ನ ಗಿಟಾರಿನ ವಿಷಯದಲ್ಲಿ ಎರಡು ಕಾರಣಗಳು ಒಟ್ಟಿಗೆ ಸೇರಿದ್ದವು. ಯುಗಾದಿ ಕಳೆದ ಮೇಲೆ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರುವುದಿಲ್ಲ. ಮರ ಒಣಗಿ ಕುಗ್ಗುತ್ತದೆ, ಫ್ರೆಟ್‌ಗಳ ತುದಿ ನೆಕ್‌ನ ಅಂಚಿನಿಂದ ಹೊರಬಂದು ಅಂಗೈಗೆ ತಾಗುತ್ತದೆ. ಅದೇ ಸಮಯದಲ್ಲಿ ನಾನು 10–46 ಅಳತೆಯ ತಂತಿಗಳನ್ನು ತೆಗೆದು ಅವಕ್ಕಿಂತ ತೆಳುವಾದ 9–42 ಅಳತೆಯವನ್ನು ಹಾಕಿದ್ದೆ (ಈ ಅಂಕಿಗಳು ಅತಿ ತೆಳು ಮತ್ತು ಅತಿ ದಪ್ಪ ತಂತಿಗಳ ದಪ್ಪ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ). ಸಾಮಾನ್ಯ ಶ್ರುತಿಯಲ್ಲಿ ಮೊದಲನೆಯವು ಆರೂ ಸೇರಿ ನೆಕ್ ಅನ್ನು ಸುಮಾರು 46 ಕಿಲೋ ಬಲದಿಂದ ಎಳೆದರೆ, ಎರಡನೆಯವು ಎಳೆಯುವುದು ಸುಮಾರು 38 ಕಿಲೋ ಬಲದಿಂದ. ನೆಕ್ ಒಳಗಿರುವ ಉಕ್ಕಿನ ಸರಳು, ಅಂದರೆ ಟ್ರಸ್ ರಾಡ್, ತಂತಿಗಳ ಎಳೆತಕ್ಕೆ ಎದುರಾಗಿ ಬಿಗಿದಿರುತ್ತದೆ. ಎಳೆತ ಕಡಿಮೆಯಾದಾಗ ಸರಳಿನ ಕೈ ಮೇಲಾಗಿ ನೆಕ್ ಹಿಂದಕ್ಕೆ ಬಾಗುತ್ತದೆ.

ಅಳತೆಗೆ ಇಳಿಯುವ ಮೊದಲು ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್‌ನಲ್ಲಿ ಒತ್ತಿ ಮೀಟಿ, ಸದ್ದು ಎಲ್ಲೆಲ್ಲಿ ಬರುತ್ತದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರಿ ತಂತಿ, ಅಂದರೆ ಎಲ್ಲಿಯೂ ಒತ್ತದೆ ಮೀಟಿದ ತಂತಿ, ಮಾತ್ರ ಜರ್ರೆಂದರೆ ನಟ್‌ನ (ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ತೋಡು ಆಳವಾಗಿದೆ ಎಂದು ಶಂಕಿಸಬೇಕು. ಬರಿ ತಂತಿಯ ಜೊತೆಗೆ ಮೊದಲ ನಾಲ್ಕೈದು ಫ್ರೆಟ್‌ಗಳೂ ಜರ್ರೆಂದರೆ ನೆಕ್ ತೀರಾ ನೆಟ್ಟಗಾಗಿದೆ ಅಥವಾ ಹಿಂದಕ್ಕೆ ಬಾಗಿದೆ. ಎಲ್ಲ ಕಡೆಯೂ ಒಂದೇ ಸಮನಾಗಿ ಬಂದರೆ ಸ್ಯಾಡಲ್ ತಗ್ಗಾಗಿದೆ. ಒಂದೇ ಜಾಗದಲ್ಲಿ ಬಂದರೆ ಅಲ್ಲಿನ ಫ್ರೆಟ್ ಒಂದು ಎದ್ದಿದೆ. ಈ ಕೊನೆಯದರಲ್ಲಿ ತಪ್ಪಿತಸ್ಥ ಫ್ರೆಟ್ ನಾವು ಒತ್ತಿದ್ದಲ್ಲ, ಸಾಮಾನ್ಯವಾಗಿ ಅದರ ಮುಂದಿನದು, ಏಕೆಂದರೆ ಕಂಪಿಸುವ ತಂತಿ ತಾಗುವುದು ಅದಕ್ಕೆ. ನನ್ನ ಪಟ್ಟಿಯಲ್ಲಿ ದಪ್ಪ ತಂತಿಗಳೆಲ್ಲ ನಾಲ್ಕನೆಯ ಫ್ರೆಟ್‌ವರೆಗೆ ಜರ್ರೆನ್ನುತ್ತಿದ್ದವು. ಅದಲ್ಲದೆ ಮೂರನೆಯ ತಂತಿ ಒಂಬತ್ತನೆಯ ಫ್ರೆಟ್‌ನಲ್ಲಿ ಮಾತ್ರ ಕೆಡುತ್ತಿತ್ತು.

ನೆಕ್‌ನ ಬಾಗು ಅಳೆಯಲು ಫೀಲರ್ ಗೇಜ್, ಅಂದರೆ ಬೇರೆ ಬೇರೆ ದಪ್ಪದ ತೆಳು ಲೋಹದ ಎಲೆಗಳ ಕಟ್ಟು, ಬೇಕು. ಅದಕ್ಕಾಗಿ ಬೈಕ್ ಬಿಡಿಭಾಗಗಳ ಅಂಗಡಿಗೆ ಹೋದಾಗ ಅಂಗಡಿಯವರು, “ಏನ್ರೀ ಸರ, ಗಿಟಾರಿಗೂ ಟ್ಯಾಪೆಟ್ ಸೆಟ್ಟಿಂಗ್ ಐತೇನು?” ಎಂದು ನಕ್ಕರು. ಕೆಲಸ ಹೆಚ್ಚುಕಡಿಮೆ ಅದೇ. ಮೊದಲ ಫ್ರೆಟ್‌ಗೆ ಕೇಪೊ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ದೇಹವನ್ನು ಸೇರುವಲ್ಲಿನ ಫ್ರೆಟ್‌ನಲ್ಲಿ ಎಲ್ಲಕ್ಕಿಂತ ದಪ್ಪನೆಯದಾದ ಆರನೆಯ ತಂತಿಯನ್ನು ಒತ್ತಿ ಹಿಡಿದರೆ, ಎಂಟನೆಯ ಫ್ರೆಟ್‌ನ ನೆತ್ತಿಗೂ ತಂತಿಗೂ ನಡುವೆ ಸುಮಾರು 0.25 ಮಿ.ಮೀ. ಸಂದು ಇರಬೇಕು. ತಂತಿ ನಡುಭಾಗದಲ್ಲಿ ಹೆಚ್ಚು ಅಗಲವಾಗಿ ಕಂಪಿಸುವುದರಿಂದ ಅಷ್ಟು ಬಾಗು ಬೇಕೇ ಬೇಕು. ನನ್ನದರಲ್ಲಿ 0.05ರ ಎಲೆಯೂ ತೂರಲಿಲ್ಲ.

ಟ್ರಸ್ ರಾಡಿನ ನಟ್ಟಿಗೆ ಸರಿಯಾಗಿ ಕೂರುವ ಅಲೆನ್ ಕೀ ಹಾಕಿ ಅಪ್ರದಕ್ಷಿಣವಾಗಿ ಕಾಲು ಸುತ್ತು ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಳೆದೆ. ಶ್ರುತಿ ಮಾಡದೆ ಅಳೆದರೆ ಆ ಅಳತೆಗೆ ಬೆಲೆಯಿಲ್ಲ. ಅವಸರಪಟ್ಟು ಒಂದೇ ಬಾರಿಗೆ ಪೂರ್ತಿ ಸುತ್ತು ತಿರುಗಿಸುವುದಂತೂ ಕೂಡದು. ಇನ್ನಷ್ಟು ಸಡಿಲಿಸಿದ ಮೇಲೆ 0.25ರ ಎಲೆ ತಂತಿಯನ್ನು ಎತ್ತದೆ ಮೃದುವಾಗಿ ಜಾರಿತು, ಕೆಳಗಿನ ಫ್ರೆಟ್‌ಗಳ ಸದ್ದು ಬಹುಪಾಲು ಹೋಯಿತು. ಆಮೇಲೆ ಹನ್ನೆರಡನೆಯ ಫ್ರೆಟ್‌ನಲ್ಲಿ ಆರನೆಯ ತಂತಿ 2 ಮಿ.ಮೀ., ಒಂದನೆಯದು 1.6 ಮಿ.ಮೀ. ಎತ್ತರದಲ್ಲಿ ನಿಲ್ಲುವಂತೆ ಸ್ಯಾಡಲ್‌ಗಳನ್ನು ಹೊಂದಿಸಿದೆ.

ಉಳಿದದ್ದು ಮೂರನೆಯ ತಂತಿ. ಎದ್ದ ಫ್ರೆಟ್ ಹುಡುಕಲು ಹಳೆಯ ಎಟಿಎಂ ಕಾರ್ಡ್ ಸಾಕು, ಅಂಚು ನೆಟ್ಟಗಿರಬೇಕಷ್ಟೆ. 648 ಮಿ.ಮೀ. ಸ್ಕೇಲಿನ (ನಟ್‌ನಿಂದ ಬ್ರಿಡ್ಜಿನವರೆಗಿನ ತಂತಿಯ ಉದ್ದದ) ಗಿಟಾರಿನಲ್ಲಿ ಕಾರ್ಡಿನ 54 ಮಿ.ಮೀ. ಬದಿ 9, 10, 11ನೆಯ ಫ್ರೆಟ್‌ಗಳ ಮೇಲೆ ಸರಿಯಾಗಿ ಕೂರುತ್ತದೆ. ಹನ್ನೆರಡರಿಂದಾಚೆಗೆ ಅದು ನಾಲ್ಕು ಫ್ರೆಟ್‌ಗಳನ್ನು ಮುಟ್ಟುವುದರಿಂದ ಕತ್ತರಿಸಿ ಚಿಕ್ಕದು ಮಾಡಿಕೊಳ್ಳಬೇಕಾಗುತ್ತದೆ. ಮೂರನೆಯ ತಂತಿಯ ಕೆಳಗೆ ಇಟ್ಟಾಗ ಕಾರ್ಡ್ ಹತ್ತನೆಯ ಫ್ರೆಟ್‌ನ ಮೇಲೆ ಟಕ್ ಟಕ್ ಎಂದು ಅತ್ತಿತ್ತ ಆಡಿತು. ಉಗುರಿನಿಂದ ಒತ್ತಿ ನೋಡಿದರೆ ಫ್ರೆಟ್ ಕೂದಲೆಳೆಯಷ್ಟು ಕುಸಿದು ಮತ್ತೆ ಏಳುತ್ತಿತ್ತು. ಹೀಗೆ ಸಡಿಲಗೊಂಡದ್ದನ್ನು ಉಜ್ಜಿದರೆ ಲೋಹ ವ್ಯರ್ಥ, ಮೊದಲು ಕೂರಿಸಬೇಕು. ಸಂದಿಗೆ ಫೆವಿಕ್ವಿಕ್ ಒಂದು ಹನಿ ಬಿಟ್ಟು, ಮೇಲೆ ಮರದ ತುಂಡಿಟ್ಟು ಕ್ಲ್ಯಾಂಪಿನಿಂದ ಬಿಗಿದೆ.

ಅಂಟು ಒಣಗಿದ ಮೇಲೂ ಕಾರ್ಡ್ ಚೂರು ಆಡುತ್ತಿದ್ದುದರಿಂದ ಅರ ಹಿಡಿಯಲೇಬೇಕಾಯಿತು. ಇಕ್ಕೆಲದ ಮರಕ್ಕೆ ಟೇಪ್ ಅಂಟಿಸಿ, ಫ್ರೆಟ್‌ನ ನೆತ್ತಿಗೆ ಮಾರ್ಕರಿನ ಮಸಿ ಬಳಿದು, ಪರಿಚಯದ ಅಕ್ಕಸಾಲಿಗರಿಂದ ತಂದ ನುಣುಪಾದ ಅರದಿಂದ ಹಗುರವಾಗಿ ಎಳೆದೆ. ಮಸಿ ಹೋದಲ್ಲೆಲ್ಲ ಅರ ತಾಗಿದೆ ಎಂದರ್ಥ. ಚಪ್ಪಟೆಯಾದ ನೆತ್ತಿಯನ್ನು ಮತ್ತೆ ದುಂಡಗೆ ಮಾಡಿ, 600, 1000, 2000ರ ಉಜ್ಜುಕಾಗದದಿಂದ ಹೊಳಪು ತಂದೆ. ಸ್ಟೀಲ್ ವೂಲ್ ಬಳಸಲಿಲ್ಲ, ಅದರ ಪುಡಿ ತಂತಿಯ ಕಂಪನವನ್ನು ಹಿಡಿಯುವ ಪಿಕಪ್‌ಗಳ ಅಯಸ್ಕಾಂತಕ್ಕೆ ಅಂಟಿಕೊಂಡರೆ ಬಿಡಿಸುವುದೇ ದೊಡ್ಡ ಕೆಲಸವಾಗುತ್ತದೆ.

ಈಗಲೂ ಆರನೆಯ ತಂತಿಯನ್ನು ಜೋರಾಗಿ ಬಾರಿಸಿದರೆ ಸಣ್ಣ ಸದ್ದೊಂದು ಬರುತ್ತದೆ. ಅದು ಕೋಣೆಯಲ್ಲಿ ಕೇಳುತ್ತದೆ, ಆಂಪ್ಲಿಫೈಯರಿನಲ್ಲಿ ಕೇಳುವುದಿಲ್ಲ. ಹಾಗಾಗಿ ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಮಳೆಗಾಲದ ತೇವಕ್ಕೆ ನೆಕ್ ಮತ್ತೆ ಬದಲಾಗಬಹುದು ಎಂದು ಫೀಲರ್ ಗೇಜನ್ನು ಗಿಟಾರಿನ ಚೀಲದಲ್ಲಿಯೇ ಇಟ್ಟುಕೊಂಡಿದ್ದೇನೆ.