ಜೌಗು ಮೂಲೆಗೆ ಹೊಳೆದಾಸವಾಳ ನೆಟ್ಟಿದ್ದು

ನಮ್ಮ ತೋಟದ ಬಸಿಗಾಲುವೆ ಹಳ್ಳಕ್ಕೆ ಸೇರುವ ಕಡೆ ಒಂದು ಜೌಗು ಮೂಲೆ ಇದೆ. ಅಡಿಕೆ ಹಾಕಿದರೆ ಬೇರು ಕೊಳೆಯುತ್ತದೆ, ಸುಮ್ನೆ ಬಿಟ್ಟರೆ ಕಳೆ ಆಳೆತ್ತರ ಬೆಳೆಯುತ್ತದೆ. ಅಲ್ಲಿಗೆ ಹೊಳೆದಾಸವಾಳವೇ ಸರಿ ಅನಿಸಿತು. ಏಪ್ರಿಲ್-ಮೇ ಹೊತ್ತಿಗೆ ಬೆಂಗಳೂರಿನ ರಸ್ತೆ ಬದಿಯಲ್ಲಿ ನೇರಳೆ ಗೊಂಚಲು ಬಿಡುವ ಮರ, ನೋಡಿರುತ್ತೀರಿ ಅಲ್ವಾ? ಪೇಟೆಯಲ್ಲಿ ಅಂದಕ್ಕೆ ನೆಡುತ್ತಾರೆ, ಆದರೆ ಅದರ ತವರು ಘಟ್ಟದ ಹೊಳೆ ದಂಡೆ. ಮಹಾರಾಷ್ಟ್ರದಲ್ಲಿ ಇದೇ ರಾಜ್ಯದ ಹೂವು, ಅಲ್ಲಿ ತಾಮ್ಹಣ ಅಂತಾರೆ.

ಬೀಜದಿಂದಲೇ ಎಬ್ಬಿಸಿದೆ. ಗಟ್ಟಿ ಕಾಯಿಗಳು ತಿಂಗಳುಗಟ್ಟಲೆ ಮರದಲ್ಲೇ ನಿಂತಿರುತ್ತವೆ. ಜನವರಿ ಸುಮಾರಿಗೆ ಕಂದು ಬಣ್ಣಕ್ಕೆ ತಿರುಗಿದವನ್ನು, ಬಾಯಿ ಬಿಡುವ ಮೊದಲೇ ಕೊಯ್ದು, ಗೋಣಿಚೀಲದ ಮೇಲೆ ಬಿಸಿಲಿಗೆ ಹರವಿದರೆ ತಾವೇ ಬಿರಿಯುತ್ತವೆ. ಬೀಜಕ್ಕೆ ರೆಕ್ಕೆ ಇದೆ, ಗಾಳಿಯಲ್ಲಿ ಬಿಡಿಸಲು ಹೋದರೆ ಅರ್ಧ ಪಕ್ಕದ ತೋಟಕ್ಕೇ! ಜೊಳ್ಳು ಜಾಸ್ತಿ ಇರುತ್ತದೆ, ಹಾಗಾಗಿ ಮರಳು ಬೆರೆಸಿದ ಮಡಿಯಲ್ಲಿ ಒತ್ತೊತ್ತಾಗಿ ಚೆಲ್ಲಿ ಮೇಲೆ ತೆಳ್ಳಗೆ ಮಣ್ಣು ಉದುರಿಸಿದೆ. ನಾಲ್ಕೆಲೆ ಬಂದ ಮೇಲೆ ಸಸಿಗಳನ್ನು ಪ್ಲಾಸ್ಟಿಕ್ ತೊಟ್ಟೆಗೆ (ಮಣ್ಣು ತುಂಬಿದ ಚೀಲಕ್ಕೆ) ಹಾಕಿದೆ. ಮೊದಲ ಮಳೆಗಾಲ ತೊಟ್ಟೆಯಲ್ಲೇ ಕಳೆದು, ಮರುವರ್ಷ ಜೂನ್‌ನಲ್ಲಿ ನೆಟ್ಟೆ. ಗುಂಡಿಗೆ ಸಗಣಿ ಗೊಬ್ಬರ, ಸುತ್ತ ಮುಳ್ಳಿನ ಬೇಲಿ, ಅಷ್ಟೇ.

ನೆರಳು ಮಾತ್ರ ಆಗದು. ಪಕ್ಕದ ಹಲಸಿನ ಕೊಂಬೆ ಕಡಿದ ಮೇಲೇ ಹೂವು ಚೆನ್ನಾಗಿ ಬರತೊಡಗಿತು. ಹೂವು ಬರುವುದು ಆ ವರ್ಷ ಚಿಗುರಿದ ಕೊಂಬೆಯ ತುದಿಯಲ್ಲಿ. ಹಾಗಾಗಿ ಸವರುವುದಿದ್ದರೆ ಹೂವು ಮುಗಿದ ಮೇಲೆ, ಇಲ್ಲವೇ ಚಿಗುರೊಡೆಯುವ ಮೊದಲು ಸವರಬೇಕು. ಚಿಗುರಿದ ಮೇಲೆ ಕತ್ತಿ ಹಾಕಿದರೆ ಆ ವರ್ಷದ ಹೂವು ಹೋಯಿತು. ಮುದುರಿದ ಕಾಗದದಂಥ ಆರು ಎಸಳು, ನಡುವೆ ಹಳದಿ ಕೇಸರ. ಅರಳಿದಾಗ ಕಡು ನೇರಳೆ, ಹಳೆಯದಾಗುತ್ತಾ ಪೇಲವ. ಬೇಸಿಗೆಗೆ ಮುಂಚೆ ಎಲೆ ಕೆಂಪಾಗಿ ಉದುರುವುದೂ ನನಗೆ ಹೂವಿನಷ್ಟೇ ಇಷ್ಟ.

ಉಪಯೋಗ ಕೇಳುವವರಿಗೆ: ನಾಟಾ ಗಟ್ಟಿ, ನೀರಿಗೂ ತಡೆಯುತ್ತದೆ, ದೋಣಿಗೆ ಬಳಸುತ್ತಿದ್ದರು. ನಂದಿ ಮರ ಇದರ ಹತ್ತಿರದ ನೆಂಟ, ಮದರಂಗಿ ಮತ್ತು ದಾಳಿಂಬೆಯೂ ಇದೇ ಕುಟುಂಬದವು. ಫಿಲಿಪೀನ್ಸ್‌ನಲ್ಲಿ ಇದಕ್ಕೆ ಬನಾಬಾ ಎನ್ನುತ್ತಾರೆ, ಸಕ್ಕರೆ ಕಾಯಿಲೆಗೆ ಎಲೆಯ ಕಷಾಯ ಕುಡಿಯುತ್ತಾರೆ. ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ. ಕರೆಂಟ್ ತಂತಿ ಕೆಳಗಂತೂ ನೆಡಲೇಬೇಡಿ, ನೀರು ಸಿಕ್ಕಿದರೆ ಮೂವತ್ತು-ನಲವತ್ತು ಅಡಿ ಸಲೀಸಾಗಿ ಹೋಗುತ್ತದೆ.